ತಾರಾಬಾಯಿ ಮೋಡಕ್

ಮಗುವಿಗೆ ಐದಾರು ವರ್ಷ ತುಂಬಿದ ಮೇಲೆಯೇ ವಿದ್ಯಾಭ್ಯಾಸವೆಂದು ನಮ್ಮ ಜನ ಬಹುಕಾಲ ನಂಬಿದ್ದರು. ಅಲ್ಲಿಯವರೆಗೆ ಅದು ಅಡುಗೆಮನೆಯ ಹೊಸ್ತಿಲಲ್ಲೋ, ಬೀದಿಯ ಧೂಳಿನಲ್ಲೋ, ಅಕ್ಕನ ಸೊಂಟದ ಮೇಲೋ ಹೇಗೋ ಬೆಳೆಯುತ್ತದೆ ಎಂಬುದು ಅವರ ಎಣಿಕೆ. ನಡೆಯಲು, ನುಡಿಯಲು, ನೋಡಿ ತಿಳಿಯಲು ಮಗು ಕಲಿಯುವುದು ಆ ಮೊದಲ ವರ್ಷಗಳಲ್ಲಿಯೇ. ಆ ಕಲಿಕೆಗೆ ನೆರವಾಗುವುದೂ ಶಿಕ್ಷಣವೇ ಎಂದು ಅರಿತವರು ವಿರಳ. ಅರಿತು ಅದಕ್ಕಾಗಿ ಐವತ್ತು ವರ್ಷ ದುಡಿದವರು ತಾರಾಬಾಯಿ ಮೋಡಕರು.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಜನಿಸಿದರು. ತಂದೆ ಸದಾಶಿವರಾವ್ ಕೇಳ್ಕರ್, ತಾಯಿ ಉಮಾಬಾಯಿ. ಮನೆತನ ಪ್ರಾರ್ಥನಾ ಸಮಾಜದ ಸುಧಾರಣಾ ವಿಚಾರಗಳನ್ನು ಒಪ್ಪಿಕೊಂಡದ್ದು. ಹೆಣ್ಣುಮಕ್ಕಳು ನಾಲ್ಕಕ್ಷರ ಕಲಿತರೆ ಹೆಚ್ಚೆನ್ನುವ ಆ ಕಾಲದಲ್ಲಿ ಅವರು ಕಾಲೇಜು ಸೇರಿ, 1914ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದ ಪದವೀಧರೆಯಾದರು. ಬಳಿಕ ಅಮರಾವತಿಯ ವಕೀಲರಾದ ಮೋಡಕರೊಡನೆ ವಿವಾಹವಾಯಿತು. ದಾಂಪತ್ಯ ಸುಖಕರವಾಗಲಿಲ್ಲ, ಕೆಲವೇ ವರ್ಷಗಳಲ್ಲಿ ಅದು ಮುರಿದುಬಿತ್ತು. ಪುಟ್ಟ ಮಗಳೊಡನೆ ಒಂಟಿಯಾಗಿ ನಿಂತ ತಾರಾಬಾಯಿಯವರು ಯಾರ ಹಂಗಿಗೂ ಒಳಗಾಗದೆ ರಾಜಕೋಟೆಯ ಮಹಿಳಾ ಅಧ್ಯಾಪಕರ ತರಬೇತಿ ಕಾಲೇಜಿನ ಪ್ರಾಂಶುಪಾಲೆಯಾದರು. ಭಾರತೀಯ ಮಹಿಳೆಯೊಬ್ಬರಿಗೆ ಅಂದು ಸುಲಭವಾಗಿ ದೊರೆಯುವ ಸ್ಥಾನ ಅದಾಗಿರಲಿಲ್ಲ. ಸಂಬಳವಿತ್ತು, ಗೌರವವಿತ್ತು.

ಅದೇ ಸೌರಾಷ್ಟ್ರದ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಎಂಬ ವಕೀಲರು ವಕೀಲಿಯನ್ನು ತೊರೆದು, ದಕ್ಷಿಣಾಮೂರ್ತಿ ಸಂಸ್ಥೆಯಲ್ಲಿ 1920ರಲ್ಲಿ ಒಂದು ಬಾಲಮಂದಿರವನ್ನು ತೆರೆದಿದ್ದರು. ಅಲ್ಲಿ ಬೆತ್ತವಿರಲಿಲ್ಲ, ಬೈಗುಳವಿರಲಿಲ್ಲ. ಇಟಲಿಯ ಮರಿಯಾ ಮಾಂಟೆಸರಿಯವರು ರೂಪಿಸಿದ ಪದ್ಧತಿಯಂತೆ ಮಕ್ಕಳು ತಮ್ಮ ಕೈಯಿಂದಲೇ ಮುಟ್ಟಿ, ಹೊಂದಿಸಿ, ಎತ್ತಿಟ್ಟು ಕಲಿಯುತ್ತಿದ್ದರು. ಅದರೊಡನೆ ಕತೆ, ಹಾಡು, ನಾಟಕಗಳೂ ಸೇರಿದ್ದವು. ಈ ಹೊಸ ಪ್ರಯೋಗ ತಾರಾಬಾಯಿಯವರ ಮನಸ್ಸನ್ನು ಸೆಳೆಯಿತು. 1923ರಲ್ಲಿ ಅವರು ಕಾಲೇಜಿನ ಹುದ್ದೆಗೆ ರಾಜೀನಾಮೆಯಿತ್ತು ಭಾವನಗರಕ್ಕೆ ಹೋದರು. ದೊಡ್ಡವರಿಗೆ ಕಲಿಸುವ ಪ್ರಾಂಶುಪಾಲೆ ಎಳೆಯ ಮಕ್ಕಳೊಡನೆ ನೆಲದ ಮೇಲೆ ಕುಳಿತದ್ದು ಅನೇಕರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ.

1926ರಲ್ಲಿ ಅವರಿಬ್ಬರೂ ಕೂಡಿ ನೂತನ ಬಾಲಶಿಕ್ಷಣ ಸಂಘವನ್ನು ಸ್ಥಾಪಿಸಿದರು. ತಾಯ್ತಂದೆಯರಿಗೂ ಶಿಕ್ಷಕರಿಗೂ ತಿಳಿಹೇಳಲು ‘ಶಿಕ್ಷಣ ಪತ್ರಿಕಾ’ ಹೊರಡುತ್ತಿತ್ತು. 1930ರ ದಶಕದ ಆರಂಭದಲ್ಲಿ ತಾರಾಬಾಯಿಯವರು ಮುಂಬಯಿಗೆ ಮರಳಿ, 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು. 1939ರಲ್ಲಿ ಗಿಜುಭಾಯಿ ತೀರಿಕೊಂಡ ಮೇಲೆ ಸಂಘದ ಭಾರವೂ ಅವರ ಹೆಗಲ ಮೇಲೆಯೇ ಬಿದ್ದಿತು.

ಇಷ್ಟಕ್ಕೇ ನಿಂತಿದ್ದರೆ ತಾರಾಬಾಯಿಯವರು ಒಳ್ಳೆಯ ಶಿಕ್ಷಣತಜ್ಞೆಯೆನಿಸಿಕೊಳ್ಳುತ್ತಿದ್ದರು, ಅಷ್ಟೇ. ಅವರ ಮನಸ್ಸನ್ನು ಒಂದು ಪ್ರಶ್ನೆ ಕೊರೆಯುತ್ತಿತ್ತು. ಮಾಂಟೆಸರಿಯವರು 1907ರಲ್ಲಿ ರೋಮ್ ನಗರದಲ್ಲಿ ತಮ್ಮ ಮೊದಲ ಶಾಲೆಯನ್ನು ತೆರೆದದ್ದು ಬಡ ಕಾರ್ಮಿಕರ ಕೇರಿಯಲ್ಲಿ. ಅದೇ ಪದ್ಧತಿ ಭಾರತಕ್ಕೆ ಬಂದಾಗ ನಗರದ ಅನುಕೂಲಸ್ಥರ ಮಕ್ಕಳ ಪಾಲಾಗಿತ್ತು. ನುಣುಪಾದ ಮರದ ಉರುಳೆಗಳು, ಬಣ್ಣದ ಗೋಪುರಗಳು, ಮರಳುಕಾಗದದ ಅಕ್ಷರಗಳು — ಇವೆಲ್ಲ ಬೆಲೆಯುಳ್ಳ ವಸ್ತುಗಳು. ದೇಶದ ಬಹುಪಾಲು ಮಕ್ಕಳು ಹುಟ್ಟಿ ಬೆಳೆಯುವುದು ಹಳ್ಳಿಗಳಲ್ಲಿ. ಅವರಿಗೆ ಇದರಿಂದ ಏನು ಬಂದಂತಾಯಿತು?

1945ರಲ್ಲಿ, ತಮ್ಮ ಐವತ್ತಮೂರನೆಯ ವಯಸ್ಸಿನಲ್ಲಿ, ತಾರಾಬಾಯಿಯವರು ಮುಂಬಯಿಯ ಉತ್ತರಕ್ಕೆ ಕಡಲ ದಡದಲ್ಲಿರುವ ಬೋರ್ಡಿ ಎಂಬ ಹಳ್ಳಿಗೆ ಹೋಗಿ ಗ್ರಾಮ ಬಾಲಶಿಕ್ಷಾ ಕೇಂದ್ರವನ್ನು ಸ್ಥಾಪಿಸಿದರು. ಅನುತಾಯಿ ವಾಘ್ ಎಂಬ ಶಿಕ್ಷಕಿ ಅವರ ಜೊತೆಗೂಡಿದರು. ಹದಿಮೂರರ ಎಳವೆಯಲ್ಲಿಯೇ ವೈಧವ್ಯಕ್ಕೆ ಗುರಿಯಾಗಿ, ಓದಿನಿಂದ ಬದುಕನ್ನು ಕಟ್ಟಿಕೊಂಡಿದ್ದ ಧೀರೆ ಆಕೆ.

ಬೋರ್ಡಿಯಲ್ಲಿ ಬಾಲವಾಡಿಯನ್ನು ತೆರೆದದ್ದಾಯಿತು. ಬಾಲವಾಡಿಯೆಂದರೆ ಮಕ್ಕಳ ತೋಟ. ಬೆಲೆಬಾಳುವ ಸಾಧನಗಳಿಗೆ ಬದಲಾಗಿ ಕಡಲ ಚಿಪ್ಪುಗಳು, ಬೆಣಚುಕಲ್ಲುಗಳು, ಬೀಜಗಳು, ಎಲೆಗಳು, ಜೇಡಿಮಣ್ಣು ಬಂದವು. ಚಿಪ್ಪುಗಳನ್ನು ದೊಡ್ಡದು ಚಿಕ್ಕದೆಂದು ಬೇರ್ಪಡಿಸುವ ಮಗು ಗಾತ್ರವನ್ನು ತಿಳಿಯುತ್ತದೆ. ಬೀಜಗಳನ್ನು ಸಾಲಾಗಿ ಜೋಡಿಸುವ ಮಗು ಎಣಿಕೆಯನ್ನು ತಿಳಿಯುತ್ತದೆ. ಮೈ ತೊಳೆಯುವುದು, ತಲೆ ಬಾಚುವುದು, ಉಗುರು ಕತ್ತರಿಸುವುದು ಕೂಡ ಬಾಲವಾಡಿಯ ಪಾಠಗಳೇ ಆದವು. ಇವಕ್ಕೆ ಹಣ ಬೇಕಿಲ್ಲ, ತಾಳ್ಮೆ ಬೇಕು.

ಆದರೂ ಬಾಲವಾಡಿಗೆ ಎಲ್ಲ ಮಕ್ಕಳೂ ಬರಲಿಲ್ಲ. ಅಸ್ಪೃಶ್ಯರೆಂದು ಊರಿನಿಂದ ದೂರವಿರಿಸಿದ್ದವರ ಕೇರಿಯ ಮಕ್ಕಳು ಅತ್ತ ಹಾಯಲೇ ಇಲ್ಲ. ಬಾಗಿಲು ತೆರೆದಿತ್ತು, ನಿಜ. ಆದರೆ ತಲೆಮಾರುಗಳಿಂದ ಬಾಗಿಲಾಚೆ ನಿಂತು ಅಭ್ಯಾಸವಾದವರಿಗೆ ತೆರೆದ ಬಾಗಿಲೊಂದೇ ಸಾಲದು. ಮನೆಯ ಹಿರಿಯರಿಗೋ ಕೂಲಿಯ ಅವಸರ. ಮಕ್ಕಳು ಬಾರದಿದ್ದರೆ ದೋಷ ಮಕ್ಕಳದೆಂದು ಹೇಳಿ ಸುಮ್ಮನಾಗುವುದು ಶಾಲೆಗಳ ವಾಡಿಕೆ. ತಾರಾಬಾಯಿಯವರು ಹಾಗೆ ಸುಮ್ಮನಾಗಲಿಲ್ಲ. ಬಾಲವಾಡಿಯನ್ನೇ ಎತ್ತಿಕೊಂಡು ಆ ಕೇರಿಗೆ ಹೋದರು. ಮನೆಗಳ ಮುಂದಿನ ಅಂಗಳವೇ ಶಾಲೆಯಾಯಿತು. ಮಕ್ಕಳು ತಮ್ಮ ನೆಲದ ಮೇಲೆ, ತಮ್ಮವರ ಕಣ್ಣೆದುರಿಗೆ ಆಡುತ್ತ ಕಲಿತರು. ಕೂಸನ್ನು ಎತ್ತಿಕೊಂಡ ತಾಯಂದಿರು ಸುತ್ತ ನಿಂತು ನೋಡುವಾಗ ಅವರಿಗೂ ಒಂದಷ್ಟು ತಿಳಿವಳಿಕೆ ದೊರೆಯುತ್ತಿತ್ತು. ಅಂಗಳಕ್ಕೆ ಮರಾಠಿಯಲ್ಲಿ ‘ಅಂಗಣ’ವೆನ್ನುತ್ತಾರೆ. ಅಂಗಳದ ಈ ಬಾಲವಾಡಿಯೇ ಅಂಗನವಾಡಿ.

1957ರಲ್ಲಿ ಕೇಂದ್ರವು ಬೋರ್ಡಿಯಿಂದ ಸಮೀಪದ ಕೋಸಬಾಡ ಬೆಟ್ಟಕ್ಕೆ ಬಂದಿತು. ಅದು ವಾರ್ಲಿ ಆದಿವಾಸಿಗಳ ನಾಡು. ಜಮೀನುದಾರರ ಜೀತದ ವಿರುದ್ಧ 1945ರಲ್ಲಿ ವಾರ್ಲಿಗಳು ಎದ್ದುನಿಂತದ್ದು ಈ ಸೀಮೆಯಲ್ಲಿಯೇ. ಅಕ್ಕಿಹಿಟ್ಟಿನಿಂದ ಗುಡಿಸಲ ಗೋಡೆಗಳ ಮೇಲೆ ಸೊಗಸಾದ ಚಿತ್ರಗಳನ್ನು ಬಿಡಿಸುವ ಆ ಜನಕ್ಕೆ ಅಕ್ಷರದ ಪರಿಚಯವಿರಲಿಲ್ಲ. ಇಲ್ಲಿ ತೊಡಕು ಇನ್ನೂ ಗಂಟಾಗಿತ್ತು. ತಂದೆತಾಯಿಗಳು ದುಡಿಯಲು ಹೋದರೆ ಏಳೆಂಟು ವರ್ಷದ ಹುಡುಗಿ ಮನೆಯ ಕೂಸನ್ನು ನೋಡಿಕೊಳ್ಳಬೇಕು. ಹುಡುಗ ದನ ಕಾಯಬೇಕು. ಇವರಿಗೆ ಶಾಲೆಯ ಗಂಟೆ ಕೇಳಿಸುವುದೆಂತು?

ತಾರಾಬಾಯಿಯವರು ಶಿಶುಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಈ ಮೂರನ್ನೂ ಒಂದೆಡೆ ಕೂಡಿಸಿ ‘ವಿಕಾಸವಾಡಿ’ಯನ್ನು ರೂಪಿಸಿದರು. ಅಕ್ಕ ಕೂಸನ್ನು ಶಿಶುಗೃಹದಲ್ಲಿ ಬಿಟ್ಟು, ತಮ್ಮನನ್ನು ಬಾಲವಾಡಿಗೆ ಕಳುಹಿಸಿ, ತಾನು ತರಗತಿಯಲ್ಲಿ ಕುಳಿತುಕೊಳ್ಳಬಹುದಾಯಿತು. ಎಳೆಯ ಮಕ್ಕಳ ಪೋಷಣೆ ಬೇರೆ, ಹಿರಿಯ ಮಕ್ಕಳ ಓದು ಬೇರೆ ಎಂದುಕೊಂಡಿದ್ದವರಿಗೆ ಇವೆರಡೂ ಒಂದೇ ಮನೆಯ ಕಷ್ಟವೆಂಬುದು ಅಲ್ಲಿ ಕಣ್ಣಾರೆ ಕಾಣುತ್ತಿತ್ತು. ದನಗಾಹಿ ಹುಡುಗರಿಗಾಗಿ ಹುಲ್ಲುಗಾವಲಿನಲ್ಲಿಯೇ ಶಾಲೆ ನಡೆಯಿತು. ದನಗಳ ಹಿಂದೆ ಮಕ್ಕಳು, ಮಕ್ಕಳ ಹಿಂದೆ ಶಿಕ್ಷಕರು! ದನ ಮೇಯುತ್ತಿರುವಾಗ ಮರದ ನೆರಳಿನಲ್ಲಿ ಸುತ್ತಲಿನ ಕಲ್ಲು, ಎಲೆ, ಹಕ್ಕಿಗಳನ್ನೇ ಆಧಾರವಾಗಿಟ್ಟುಕೊಂಡು ಪಾಠ ಸಾಗುತ್ತಿತ್ತು.

ಭಾರತ ಸರ್ಕಾರವು 1962ರಲ್ಲಿ ತಾರಾಬಾಯಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. ಆಗಲೂ ಅವರ ಕಾರ್ಯಕ್ಷೇತ್ರ ಕೋಸಬಾಡವೇ. 1973ರಲ್ಲಿ ಅವರು ನಿಧನರಾದರು.

ಎರಡು ವರ್ಷಗಳ ತರುವಾಯ, 1975ರ ಅಕ್ಟೋಬರ್ 2ರಂದು, ಕೇಂದ್ರ ಸರ್ಕಾರವು ಆರು ವರ್ಷದೊಳಗಿನ ಮಕ್ಕಳ ಪೋಷಣೆ, ಆರೋಗ್ಯ ಹಾಗೂ ಶಾಲಾಪೂರ್ವ ಶಿಕ್ಷಣಕ್ಕಾಗಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಆರಂಭಿಸಿತು. ಆ 33ರಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವೂ ಒಂದು. ಯೋಜನೆಯ ಕೇಂದ್ರಗಳಿಗೆ ಅಂಗನವಾಡಿ ಎಂಬ ಹೆಸರೇ ನಿಂತಿತು. ಅತ್ತ ಕೋಸಬಾಡದ ಬೆಟ್ಟದ ಮೇಲೆ ವಿಕಾಸವಾಡಿಯ ಹೊಣೆ ಅನುತಾಯಿಯವರದಾಗಿತ್ತು. 1992ರಲ್ಲಿ ತೀರಿಕೊಳ್ಳುವವರೆಗೂ ಅವರು ಆ ಬೆಟ್ಟವನ್ನು ಬಿಡಲಿಲ್ಲ.