ಮತ್ತೆ ಮತ್ತೆ ಸಿಂಹಾಸನ ಬಿಟ್ಟ ನೃಪತುಂಗ

ಬೋಧನಾಭ್ಯಾಸದ ಎರಡನೇ ವಾರ ಒಂಬತ್ತನೇ ತರಗತಿಗೆ ವರ್ಗಮೂಲದ ಪಾಠವಿತ್ತು. ಪೀಠಿಕೆಗೆಂದು ಮಹಾವೀರಾಚಾರ್ಯರ ಹೆಸರು ತೆಗೆದೆ. ಋಣ ಸಂಖ್ಯೆಗೆ ವರ್ಗಮೂಲ ಇರುವುದಿಲ್ಲವೆಂದು 9ನೇ ಶತಮಾನದಲ್ಲೇ ಬರೆದವರು ಅವರು. ಅವರ 'ಗಣಿತಸಾರಸಂಗ್ರಹ' ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದ ಗ್ರಂಥ. ಪಾಠಯೋಜನೆಯಲ್ಲಿ ಇದ್ದದ್ದು ಅಷ್ಟೇ. ನಾನು ಉತ್ಸಾಹದಲ್ಲಿ, ಆ ರಾಜ ರಾಜ್ಯವನ್ನೇ ಬಿಟ್ಟುಕೊಟ್ಟವನು ಎಂದು ಸೇರಿಸಿಬಿಟ್ಟೆ. ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. 814ರಿಂದ 878ರವರೆಗೆ ಅಂದರೆ 64 ವರ್ಷ ಆಳಿದವನು ಬಿಟ್ಟುಕೊಟ್ಟದ್ದು ಯಾವಾಗ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ನಾಳೆ ಹೇಳುತ್ತೇನೆ ಎಂದು ಬೋರ್ಡಿನ ಕಡೆ ತಿರುಗಿದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ವೀಕ್ಷಕರು ಏನೋ ಗುರುತು ಹಾಕಿಕೊಂಡದ್ದೂ ಕಾಣಿಸಿತು.

ಆ ಸಂಜೆ ಗ್ರಂಥಾಲಯದಲ್ಲಿ ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಮೋಘವರ್ಷ ಹುಟ್ಟಿದ್ದು ಅರಮನೆಯಲ್ಲಲ್ಲ. ತಂದೆ ಮೂರನೇ ಗೋವಿಂದ ಉತ್ತರದ ದಂಡಯಾತ್ರೆ ಮುಗಿಸಿ ಬರುವಾಗ ನರ್ಮದೆಯ ಬಳಿಯ ಶ್ರೀಭವನದಲ್ಲಿ ಬೀಡುಬಿಟ್ಟಿದ್ದ. ಮಗು ಹುಟ್ಟಿದ್ದು ಅಲ್ಲಿ, ಸುಮಾರು 800ರಲ್ಲಿ. ತಂದೆ ತೀರಿಕೊಂಡಾಗ ಹುಡುಗನಿಗೆ ಹದಿನಾಲ್ಕರ ಆಸುಪಾಸು, ನಮ್ಮ ಒಂಬತ್ತನೇ ತರಗತಿಯ ಮಕ್ಕಳ ವಯಸ್ಸು. ಚಿಕ್ಕಪ್ಪನ ಮಗ ಕರ್ಕ ಆಡಳಿತ ನೋಡಿಕೊಳ್ಳಲು ನಿಂತ. ಆದರೆ ಸಾಮಂತರು ಬಂಡೆದ್ದರು, ಬಾಲಕ ಸಿಂಹಾಸನ ಕಳೆದುಕೊಂಡ. 821ರ ಹೊತ್ತಿಗೆ ಕರ್ಕ ಅದನ್ನು ಮರಳಿ ಗೆದ್ದುಕೊಟ್ಟಿದ್ದ. ಹೀಗಾಗಿ ಇವನು ರಾಜ್ಯ ಬಿಟ್ಟ ಮೊದಲ ಸಲ ತಾನಾಗಿ ಬಿಟ್ಟದ್ದಲ್ಲ, ಬಿಡಿಸಿದ್ದು. ಈ ಎರಡರ ನಡುವಿನ ಅಂತರ ಅವನಷ್ಟು ಚೆನ್ನಾಗಿ ತಿಳಿದ ರಾಜರು ಕಡಿಮೆ ಇರಬೇಕು.

ಯುದ್ಧಗಳ ಪಟ್ಟಿ ಇಲ್ಲಿ ಬೇಡ. ಗಂಗರೊಂದಿಗೆ ಬಹುಕಾಲ ಕಾದಾಡಿ, ಕೊನೆಗೆ ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗ ರಾಜಕುಮಾರ ಬೂತುಗನಿಗೆ ಕೊಟ್ಟು ಬೀಗರಾದ. ಮಾನ್ಯಖೇಟವನ್ನು ರಾಜಧಾನಿಯಾಗಿ ಬೆಳೆಸಿದ. ಅದು ಇಂದಿನ ಕಲಬುರಗಿ ಜಿಲ್ಲೆ ಸೇಡಂ ತಾಲ್ಲೂಕಿನ ಮಳಖೇಡ. ಕಾಗಿಣಾ ದಂಡೆಯಲ್ಲಿ ಹಳೆಯ ಕೋಟೆ ಇದೆ, ಈಗ ಆ ಸೀಮೆಯನ್ನು ಹೆಚ್ಚಿನವರು ಬಲ್ಲದ್ದು ಸಿಮೆಂಟ್ ಕಾರ್ಖಾನೆಗಳಿಂದ. ಕನ್ನಡದಲ್ಲಿ ನಮಗೆ ಉಳಿದಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಅವನ ಆಸ್ಥಾನದ್ದು. ಬರೆದವನು ಶ್ರೀವಿಜಯ, ಒಪ್ಪಿದವನು ನೃಪತುಂಗ ಎಂಬುದು ಈಗ ಹೆಚ್ಚಿನ ವಿದ್ವಾಂಸರ ಅಭಿಪ್ರಾಯ.

ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 871ರ ಸಂಜಾನ್ ತಾಮ್ರಪಟದ ವಿವರದಲ್ಲಿ. ಅವನು ರಾಜ್ಯ ತ್ಯಜಿಸಿದ್ದು ಒಂದು ಸಲವಲ್ಲ, ಹಲವು ಸಲ ಎಂದು ಅದು ತಿಳಿಸುತ್ತದೆ. ಆಡಳಿತವನ್ನು ಯುವರಾಜನಿಗೋ ಮಂತ್ರಿಗಳಿಗೋ ಒಪ್ಪಿಸಿ ಜೈನ ಮುನಿಗಳ ಜೊತೆ ಕಾಲ ಕಳೆಯುತ್ತಿದ್ದ, ಮತ್ತೆ ಬರುತ್ತಿದ್ದ ಎಂದು ಇತಿಹಾಸಕಾರರು ಇದನ್ನು ಅರ್ಥ ಮಾಡುತ್ತಾರೆ. ಅವನ ಗುರು ಜಿನಸೇನಾಚಾರ್ಯರು. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ನಿಂತ ಬಾಹುಬಲಿಯ ಕಥೆ ಬರುವ ಸಂಸ್ಕೃತ 'ಆದಿಪುರಾಣ' ಅವರದು. ಅಂಥ ಗುರುವಿನ ಮುಂದೆ ಕೂತವನಿಗೆ ಕಿರೀಟ ಭಾರವೆನಿಸಿದ್ದರೆ ಆಶ್ಚರ್ಯವಿಲ್ಲ.

ಆದರೆ ಬಾಹುಬಲಿ ಹಿಂದಿರುಗಲಿಲ್ಲ, ಇವನು ಹಿಂದಿರುಗಿದ. ಇದು ವೈರಾಗ್ಯದ ಕೊರತೆಯೇ? ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಕೊಣ್ಣೂರಿನ ಶಾಸನದ ಸಂಗತಿ ಓದಿದೆ. ಬನವಾಸಿಯನ್ನು ಆಳುತ್ತಿದ್ದ ದಂಡನಾಯಕ ಬಂಕೇಶ ಗಂಗರ ಮೇಲೆ ಹೋಗಿದ್ದಾಗ ರಾಜಧಾನಿಯ ಕಡೆ ದಂಗೆ ಎದ್ದಿತು. ಅದರಲ್ಲಿ ಅರಸನ ಮಗನೂ ಸೇರಿದ್ದನೆಂಬ ಸೂಚನೆ ಇದೆ. ಬಂಕೇಶ ಓಡಿ ಬಂದು ಅಡಗಿಸಬೇಕಾಯಿತು. ಯಾರ ಕೈಗೆ ಕೊಡಬೇಕೋ ಅವನ ಮೇಲೇ ನಂಬಿಕೆ ಇಲ್ಲದಿದ್ದರೆ ಬಿಟ್ಟು ಹೋಗುವುದು ಹೇಗೆ? ಕಿರೀಟ ಇಳಿಸಿಟ್ಟರೆ ಸಾಲದು, ಎತ್ತಿಕೊಳ್ಳುವ ತಲೆಯೂ ಬೇಕು.

ಅದೇ ಸಂಜಾನ್ ಪಟದಲ್ಲಿ ಇನ್ನೊಂದು ಸಂಗತಿ ಇದೆ. ಜನರಿಗೆ ಬಂದ ವಿಪತ್ತು ತೊಲಗಲೆಂದು ಅವನು ತನ್ನ ಎಡಗೈಯ ಬೆರಳೊಂದನ್ನು ಮಹಾಲಕ್ಷ್ಮಿಗೆ ಕತ್ತರಿಸಿ ಒಪ್ಪಿಸಿದನಂತೆ. ಜಿನಭಕ್ತ ಮಹಾಲಕ್ಷ್ಮಿಗೆ ಬೆರಳು ಕೊಟ್ಟದ್ದು ನಮಗೆ ವಿಚಿತ್ರವಾಗಿ ಕಾಣಬಹುದು; ಅಂದಿನವರಿಗೆ ಕಂಡಂತಿಲ್ಲ. ರಾಜ್ಯವನ್ನಾದರೆ ಮರಳಿ ಪಡೆಯಬಹುದಿತ್ತು, ಬೆರಳನ್ನಲ್ಲ.

ಕೊನೆಯ ಸಲ ಬಿಟ್ಟಮೇಲೆ ಬರೆದದ್ದೆಂದು ಹೇಳುವ ಪುಟ್ಟ ಕೃತಿ 'ಪ್ರಶ್ನೋತ್ತರ ರತ್ನಮಾಲಿಕೆ'. ಇದನ್ನು ಶಂಕರಾಚಾರ್ಯರದೆಂದು ಹೇಳುವವರೂ ಇದ್ದಾರೆ. ಆದರೆ ಹಿಂದೆಯೇ ಆದ ಟಿಬೆಟನ್ ಅನುವಾದ ಅಮೋಘವರ್ಷನ ಹೆಸರನ್ನೇ ಹೇಳುತ್ತದೆ. ಹೆಸರೇ ತಿಳಿಸುವಂತೆ ಇಡೀ ಕೃತಿ ಪ್ರಶ್ನೆ ಮತ್ತು ಉತ್ತರ. ಆರು ದಶಕ ಆಜ್ಞೆ ಕೊಟ್ಟವನು ಕಡೆಗೆ ಈ ರೂಪವನ್ನು ಆರಿಸಿಕೊಂಡ. ಸುಮಾರು 878ರಲ್ಲಿ ಮಗ ಎರಡನೇ ಕೃಷ್ಣ ಪಟ್ಟಕ್ಕೆ ಬಂದ.

ಮರುದಿನ ತರಗತಿಯಲ್ಲಿ ಇದಕ್ಕೆ ಎಂಟು ನಿಮಿಷ ಹಿಡಿಯಿತು, ವರ್ಗಮೂಲದ ಅಭ್ಯಾಸ ಅರ್ಧಕ್ಕೇ ನಿಂತಿತು. ಹುಡುಗಿ ಕೇಳಿಸಿಕೊಂಡು, ಹಾಗಾದರೆ ಅವನು ಬಿಟ್ಟದ್ದೆಲ್ಲ ಕಳೆದು ಆಳಿದ ವರ್ಷಗಳು ಎಷ್ಟು ಉಳಿಯುತ್ತವೆ ಎಂದು ಕೇಳಿದಳು. ಆ ಲೆಕ್ಕಕ್ಕೆ ಬೇಕಾದ ದತ್ತಾಂಶ ಯಾವ ಶಾಸನದಲ್ಲೂ ನನಗೆ ಸಿಕ್ಕಿಲ್ಲವೆಂದು ಹೇಳಿದೆ. ಅವಳು ನೋಟ್‌ಬುಕ್ಕಿನಲ್ಲಿ 64 ಎಂದು ಬರೆದು, ಮುಂದೆ ಕಳೆಯುವ ಚಿಹ್ನೆ ಹಾಕಿ, ಜಾಗ ಖಾಲಿ ಬಿಟ್ಟು ಕುಳಿತಳು.