ಬಣ್ಣ ಹಿಡಿಯದ್ದನ್ನೂ ಬರೆದಿಟ್ಟ ವೈದ್ಯ




ಇಂದಿನ ಚಿಂತನೆ: ಯಥಾಭೂತ ದರ್ಶನ. ಅಂದರೆ, ಇದ್ದದ್ದನ್ನು ಇದ್ದ ಹಾಗೆಯೇ ನೋಡುವುದು.

ಮೈಕ್ರೋಬಯಾಲಜಿ ಓದುವ ಮಕ್ಕಳಿಗೆ ಒಂದು ಪ್ರಾಕ್ಟಿಕಲ್ ಇರುತ್ತದೆ. ಕೈಗೆ ಒಂದು ಟ್ಯೂಬ್ ಕೊಡುತ್ತಾರೆ. ಅದರ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಒಳಗಿರುವ ಬ್ಯಾಕ್ಟೀರಿಯಾ ಯಾವುದೆಂದು ಒಂದೊಂದೇ ಪರೀಕ್ಷೆ ಮಾಡಿ ಪತ್ತೆಹಚ್ಚಿ ವರದಿ ಬರೆಯಬೇಕು. ಸಾಮಾನ್ಯವಾಗಿ ಮೊದಲು ಮಾಡುವ ಪರೀಕ್ಷೆಯೇ ಗ್ರಾಂ ಸ್ಟೇನ್. ನೇರಳೆ ಬಣ್ಣ ಉಳಿದರೆ ಗ್ರಾಂ ಪಾಸಿಟಿವ್, ನೇರಳೆ ಹೋಗಿ ಗುಲಾಬಿಯಾದರೆ ಗ್ರಾಂ ನೆಗೆಟಿವ್. ಆ ಹೆಸರಿನ ಹಿಂದಿರುವ ಮನುಷ್ಯನನ್ನು ಇಂದು ನೆನೆಯೋಣ.

ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಂ ಅವರು 1853ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹುಟ್ಟಿದರು. ಮೊದಲು ಸಸ್ಯಗಳ ಅಧ್ಯಯನದಲ್ಲಿ ಆಸಕ್ತಿ. ಆಮೇಲೆ ವೈದ್ಯಶಾಸ್ತ್ರಕ್ಕೆ ಬಂದು 1878ರಲ್ಲಿ ವೈದ್ಯರಾದರು. ಹೆಚ್ಚಿನ ಕಲಿಕೆಗೆಂದು ಬರ್ಲಿನ್‌ಗೆ ಹೋಗಿ ಕಾರ್ಲ್ ಫ್ರೀಡ್ಲೆಂಡರ್ ಎಂಬ ಹಿರಿಯ ವೈದ್ಯರ ಪ್ರಯೋಗಾಲಯ ಸೇರಿದರು.

ಆಗ ನ್ಯುಮೋನಿಯಾ ಬಹಳ ಜನರನ್ನು ಕೊಲ್ಲುತ್ತಿತ್ತು. ತೀರಿಹೋದವರ ಶ್ವಾಸಕೋಶದ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರೆ ದೇಹದ ಜೀವಕೋಶ ಯಾವುದು, ರೋಗಾಣು ಯಾವುದು ಎಂದು ಬೇರ್ಪಡಿಸುವುದೇ ಕಷ್ಟ. ಗ್ರಾಂ ಅವರು ಪದರಕ್ಕೆ ಮೊದಲು ನೇರಳೆ ಬಣ್ಣ ಹಾಕಿದರು, ಮೇಲೆ ಅಯೋಡಿನ್ ದ್ರಾವಣ, ನಂತರ ಆಲ್ಕೋಹಾಲಿನಲ್ಲಿ ತೊಳೆದರು. ದೇಹದ ಭಾಗವೆಲ್ಲ ಬಣ್ಣ ಬಿಟ್ಟಿತು. ರೋಗಾಣುಗಳು ಮಾತ್ರ ನೇರಳೆಯಾಗಿ ಎದ್ದು ಕಂಡವು.

ಆದರೆ ಎಲ್ಲ ರೋಗಾಣುಗಳೂ ಹಾಗೆ ಕಾಣಲಿಲ್ಲ. ಟೈಫಾಯ್ಡ್ ರೋಗಾಣು ಬಣ್ಣ ಬಿಟ್ಟುಬಿಡುತ್ತಿತ್ತು. ಹೊಸ ವಿಧಾನ ಕಂಡುಕೊಂಡ 30ರ ಹರೆಯದ ವೈದ್ಯನಿಗೆ ಇದು ಸೋಲಿನಂತೆ ಕಾಣಬಹುದಿತ್ತು. ಚೆನ್ನಾಗಿ ಬಂದ ಸ್ಲೈಡುಗಳನ್ನಷ್ಟೇ ತೋರಿಸಿ ಉಳಿದದ್ದನ್ನು ಮುಚ್ಚಿಡಬಹುದಿತ್ತು. ಗ್ರಾಂ ಹಾಗೆ ಮಾಡಲಿಲ್ಲ. 1884ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬಣ್ಣ ಹಿಡಿದದ್ದನ್ನೂ ಬರೆದರು, ಬಿಟ್ಟದ್ದನ್ನೂ ಬರೆದರು. ತಮ್ಮ ವಿಧಾನ ಇನ್ನೂ ಅಪೂರ್ಣ, ದೋಷವುಳ್ಳದ್ದು, ಬೇರೆಯವರ ಕೈಯಲ್ಲಾದರೂ ಅದು ಉಪಯೋಗಕ್ಕೆ ಬರಲಿ ಎಂಬ ಆಶಯವನ್ನೂ ಸೇರಿಸಿದರು.

ಮುಂದೆ ನಡೆದದ್ದನ್ನು ನೋಡಿ. ನ್ಯುಮೋನಿಯಾಕ್ಕೆ ಕಾರಣ ಯಾವ ಜೀವಿ ಎಂಬುದರ ಮೇಲೆ ಫ್ರೀಡ್ಲೆಂಡರ್ ಅವರಿಗೂ ಆಲ್ಬರ್ಟ್ ಫ್ರಾಂಕೆಲ್ ಎಂಬ ವೈದ್ಯರಿಗೂ ದೊಡ್ಡ ವಾದ ನಡೆದಿತ್ತು. ಇಬ್ಬರೂ ತಾವು ಕಂಡದ್ದೇ ಕಾರಣ ಎನ್ನುತ್ತಿದ್ದರು. ಗ್ರಾಂ ವಿಧಾನದಲ್ಲಿ ಫ್ರಾಂಕೆಲ್ ಕಂಡ ಜೀವಿ ನೇರಳೆಯಾಗಿ ಉಳಿಯುತ್ತದೆ, ಫ್ರೀಡ್ಲೆಂಡರ್ ಕಂಡದ್ದು ಬಣ್ಣ ಬಿಡುತ್ತದೆ. ಅವು ಎರಡು ಬೇರೆ ಬೇರೆ ಜೀವಿಗಳು! ಎರಡೂ ನ್ಯುಮೋನಿಯಾ ತರಬಲ್ಲವು, ಮೊದಲನೆಯದು ಹೆಚ್ಚು, ಎರಡನೆಯದು ಅಪರೂಪ. ಇಬ್ಬರ ಕಣ್ಣೂ ಸುಳ್ಳು ಹೇಳಿರಲಿಲ್ಲ. ನಾನು ಕಂಡದ್ದಷ್ಟೇ ಸತ್ಯ ಎಂಬ ಹಿಡಿತ ಮಾತ್ರ ತಪ್ಪಾಗಿತ್ತು. ಇದನ್ನೇ ನಾವು ದಿಟ್ಠಿ ಎನ್ನುತ್ತೇವೆ.

ಬಣ್ಣ ಉಳಿಯುವುದಕ್ಕೂ ಹೋಗುವುದಕ್ಕೂ ಬ್ಯಾಕ್ಟೀರಿಯಾದ ಹೊರಗೋಡೆಯ ರಚನೆ ಕಾರಣವೆಂದು ಬಹಳ ಕಾಲದ ನಂತರ ತಿಳಿಯಿತು. ದಪ್ಪ ಗೋಡೆ ಬಣ್ಣವನ್ನು ಹಿಡಿದಿಡುತ್ತದೆ, ತೆಳು ಗೋಡೆಯಿಂದ ಅದು ತೊಳೆದುಹೋಗುತ್ತದೆ. ಯಾವ ಔಷಧ ಕೆಲಸ ಮಾಡೀತು ಎಂಬ ಅಂದಾಜಿಗೂ ಈ ವ್ಯತ್ಯಾಸ ಇಂದು ವೈದ್ಯರಿಗೆ ನೆರವಾಗುತ್ತದೆ. ಕೊರತೆಯೆಂದು ಕಂಡದ್ದೇ ಲೋಕಕ್ಕೆ ಉಪಕಾರವಾಯಿತು.

ಗ್ರಾಂ ಊರಿಗೆ ಮರಳಿ 1891ರಲ್ಲಿ ಔಷಧಶಾಸ್ತ್ರದ, 1900ರಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕರಾದರು. ರೋಗಿಗಳನ್ನು ನೋಡುತ್ತಾ, ಪಾಠ ಹೇಳುತ್ತಾ 1923ರಲ್ಲಿ ನಿವೃತ್ತರಾಗಿ, 1938ರಲ್ಲಿ 85ನೇ ವಯಸ್ಸಿನಲ್ಲಿ ತೀರಿಕೊಂಡರು.

ಮಿತ್ರರೇ, ಟ್ಯೂಬ್ ಹಿಡಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಮೊದಲೇ ಒಂದು ಹೆಸರು ಕೂತುಬಿಟ್ಟರೆ, ಗುಲಾಬಿಯೂ ನೇರಳೆಯಂತೆ ಕಾಣುತ್ತದೆ. ಆಲ್ಕೋಹಾಲಿನಲ್ಲಿ ಕೆಲವು ಕ್ಷಣ ಹೆಚ್ಚು ತೊಳೆದರೂ ಫಲಿತಾಂಶ ಬದಲಾಗುತ್ತದೆ. ಅನುಮಾನ ಬಂದರೆ ಹೊಸ ಸ್ಲೈಡ್ ಮಾಡಿ ಮತ್ತೆ ನೋಡಬೇಕು. ಬೇಕಾದ ಹೆಸರಿಗೆ ಹೊಂದುವಂತೆ ವರದಿ ತಿದ್ದಿದರೆ ಅಂಕ ಸಿಗಬಹುದು, ಆದರೆ ನಾಳೆ ಆಸ್ಪತ್ರೆಯ ಲ್ಯಾಬಿನಲ್ಲಿ ಅದೇ ಅಭ್ಯಾಸ ಒಬ್ಬ ರೋಗಿಯ ಜೀವಕ್ಕೆ ಎರವಾದೀತು.

ನಾವೂ ದಿನವಿಡೀ ಇಂಥ ವರದಿ ಬರೆಯುತ್ತಲೇ ಇರುತ್ತೇವೆ. ಮನೆಯವರು ಗಟ್ಟಿಯಾಗಿ ಮಾತಾಡಿದರು ಎಂಬುದು ಕಂಡದ್ದು. ಅವರಿಗೆ ನನ್ನ ಮೇಲೆ ಪ್ರೀತಿಯಿಲ್ಲ ಎಂಬುದು ನಾವು ಅಂಟಿಸಿದ ಹೆಸರು.

ಇಂದಿನ ಅಭ್ಯಾಸ: ಯಾರಿಗಾದರೂ, ಅಥವಾ ನಿಮಗೇ, ಒಂದು ಹೆಸರು ಕೊಡುವ ಮುನ್ನ ಮೂರು ಉಸಿರು ನಿಲ್ಲಿ. ಕಂಡದ್ದೆಷ್ಟು, ಸೇರಿಸಿದ್ದೆಷ್ಟು ಎಂದು ನೋಡಿಕೊಳ್ಳಿ. ನಮ್ಮ ಎಣಿಕೆಗೆ ಹೊಂದದ್ದು ಕಂಡರೆ ಅದನ್ನೂ ಒರೆಸಿಹಾಕದೆ ಹಾಗೇ ಇರಗೊಡಿ.

ಸಕಲ ಜೀವಿಗಳೂ ಸುಖವಾಗಿರಲಿ.
ಸಾಧು, ಸಾಧು, ಸಾಧು 🙏