ಡಾ. ರುಸ್ತುಂ ಜಾಲ್ ವಕೀಲ್ (1911–1974): ಸರ್ಪಗಂಧ ಮತ್ತು ಅಧಿಕ ರಕ್ತದೊತ್ತಡದ ಚಿಕಿತ್ಸೆ

ಅಧಿಕ ರಕ್ತದೊತ್ತಡಕ್ಕೆ ಇಂದು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಮಾತ್ರೆಗಳು ದೊರೆಯುತ್ತವೆ. 1940ರ ದಶಕದಲ್ಲಿ ಪರಿಸ್ಥಿತಿ ಹೀಗಿರಲಿಲ್ಲ. ಉಪ್ಪಿಲ್ಲದ ಅನ್ನ ಹಾಗೂ ಹಣ್ಣಿನ ಕಠಿಣ ಪಥ್ಯ, ನಿದ್ರೆ ತರಿಸುವ ಔಷಧಗಳು, ಬೆನ್ನುಹುರಿಯ ಪಕ್ಕದ ನರಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ, ಇವೇ ವೈದ್ಯರಿಗೆ ಲಭ್ಯವಿದ್ದ ಮುಖ್ಯ ಉಪಾಯಗಳಾಗಿದ್ದವು. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು 1945ರ ಏಪ್ರಿಲ್‌ನಲ್ಲಿ ಮಿದುಳಿನ ರಕ್ತಸ್ರಾವದಿಂದ ನಿಧನರಾದ ದಿನ ಅವರ ರಕ್ತದೊತ್ತಡ 300/190 ಎಂದು ದಾಖಲಾಗಿತ್ತು. ರಾಷ್ಟ್ರಾಧ್ಯಕ್ಷರಿಗೇ ದೊರೆಯದ ಔಷಧವು ಸಾಮಾನ್ಯರಿಗೆ ದೊರೆಯುವುದು ಸಾಧ್ಯವಿರಲಿಲ್ಲ. ಈ ಕೊರತೆಯನ್ನು ನೀಗುವ ದಿಕ್ಕಿನಲ್ಲಿ ಮಹತ್ವದ ಹೆಜ್ಜೆ ಇಟ್ಟವರು ಮುಂಬಯಿಯ ಹೃದ್ರೋಗ ತಜ್ಞ ಡಾ. ರುಸ್ತುಂ ಜಾಲ್ ವಕೀಲ್ ಅವರು. ಅವರ ಜೀವನ ಮತ್ತು ಸಂಶೋಧನೆಯ ಸಂಕ್ಷಿಪ್ತ ಪರಿಚಯವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಡಾ. ವಕೀಲ್ ಅವರು 1911ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದರು. ಲಂಡನ್ನಿನಲ್ಲಿ ವೈದ್ಯಕೀಯ ಶಿಕ್ಷಣ ಪಡೆದು ಸ್ವದೇಶಕ್ಕೆ ಮರಳಿದ ನಂತರ ಮುಂಬಯಿಯ ಕಿಂಗ್ ಎಡ್ವರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ಸೇವೆ ಸಲ್ಲಿಸಿದರು.

ಅವರ ಗಮನ ಸೆಳೆದದ್ದು ಸರ್ಪಗಂಧವೆಂಬ ಗಿಡದ ಬೇರು. ಕನ್ನಡದಲ್ಲಿ ಸೂತ್ರನಾಭಿ ಎಂಬ ಹೆಸರೂ ಉಳ್ಳ ಈ ಕಿರುಪೊದೆ ಹಿಮಾಲಯದ ತಪ್ಪಲಿನಲ್ಲಿಯೂ ನಮ್ಮ ಪಶ್ಚಿಮಘಟ್ಟದ ತೇವವುಳ್ಳ ಕಾಡುಗಳಲ್ಲಿಯೂ ಬೆಳೆಯುತ್ತದೆ. ಹಾವಿನ ಕಡಿತಕ್ಕೂ ಬುದ್ಧಿಭ್ರಮಣೆಗೂ ಇದನ್ನು ಬಳಸುವ ರೂಢಿ ಬಹಳ ಹಿಂದಿನಿಂದ ಇತ್ತು. ಬಿಹಾರದ ಕಡೆ ಇದು ಹುಚ್ಚಿನ ಮದ್ದೆಂದೇ ಪ್ರಸಿದ್ಧವಾಗಿತ್ತು. 1931ರಲ್ಲಿ ಕಲಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅವರು ಈ ಬೇರು ರಕ್ತದೊತ್ತಡವನ್ನು ತಗ್ಗಿಸುತ್ತದೆ ಎಂದು ಪ್ರಕಟಿಸಿದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಅವರು ಬೇರಿನಿಂದ ಕೆಲವು ಕ್ಷಾರಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಂ ಅಜ್ಮಲ್ ಖಾನ್ ಅವರ ನೆನಪಿನಲ್ಲಿ ಅಜ್ಮಲೀನ್ ಎಂದು ಹೆಸರಿಟ್ಟರು. ಆದುದರಿಂದ ಸರ್ಪಗಂಧದ ಗುಣವನ್ನು ಮೊದಲು ಕಂಡವರು ಡಾ. ವಕೀಲ್ ಎಂದು ಕೆಲವೆಡೆ ಬರೆದಿರುವುದು ಸರಿಯಲ್ಲ. ಅವರ ಹಿರಿಮೆ ಇರುವುದು ಬೇರೆಡೆ.

ಸುಮಾರು ಹತ್ತು ವರ್ಷಗಳ ಕಾಲ ಅವರು ಈ ಔಷಧವನ್ನು ತಮ್ಮ ರೋಗಿಗಳಿಗೆ ನೀಡಿ ಪರಿಣಾಮವನ್ನು ಗಮನಿಸುತ್ತಾ ಬಂದರು. ಕೊನೆಗೆ 50 ರೋಗಿಗಳ ವಿವರಗಳನ್ನು ಕ್ರೋಡೀಕರಿಸಿ, 1949ರಲ್ಲಿ ಬ್ರಿಟಿಷ್ ಹಾರ್ಟ್ ಜರ್ನಲ್ ಎಂಬ ನಿಯತಕಾಲಿಕದಲ್ಲಿ ಪ್ರಕಟಿಸಿದರು. ನಾಲ್ಕು ವಾರಗಳ ಚಿಕಿತ್ಸೆಯ ನಂತರ ಶೇ. 85ರಷ್ಟು ರೋಗಿಗಳಲ್ಲಿ ಮೇಲಿನ ಒತ್ತಡವೂ, ಶೇ. 81ರಷ್ಟು ರೋಗಿಗಳಲ್ಲಿ ಕೆಳಗಿನ ಒತ್ತಡವೂ ಇಳಿದಿತ್ತು. ಇಂದಿನ ಕಟ್ಟುನಿಟ್ಟಿನ ದೃಷ್ಟಿಯಿಂದ ಈ ಅಧ್ಯಯನದಲ್ಲಿ ಕೊರತೆ ಇಲ್ಲದಿಲ್ಲ. ಹುಸಿಮಾತ್ರೆ ಪಡೆದ ಇನ್ನೊಂದು ಗುಂಪಿನೊಡನೆ ಹೋಲಿಕೆ ಮಾಡಿರಲಿಲ್ಲ. ಆದರೂ ಲೆಕ್ಕಪತ್ರ ಬಲ್ಲವರು ಒಪ್ಪುವಂತೆ, ಬಾಯಿಮಾತಿನ ಖ್ಯಾತಿಗೂ ಜಮಾ-ಖರ್ಚಿನಂತೆ ಬರೆದಿಟ್ಟ ಅಂಕಿ-ಅಂಶಕ್ಕೂ ಬಹಳ ಅಂತರವಿದೆ. ಭಾರತದ ಹೊರಗಿನ ವೈದ್ಯರು ಈ ಬೇರನ್ನು ಗಂಭೀರವಾಗಿ ಪರಿಗಣಿಸಿದ್ದು ಈ ಲೇಖನದ ನಂತರವೇ.

ಬಾಸ್ಟನ್ ನಗರದ ರಾಬರ್ಟ್ ವಿಲ್ಕಿನ್ಸ್ ಅವರು ಲೇಖನವನ್ನು ಓದಿ, ಭಾರತದಿಂದ ಔಷಧವನ್ನು ತರಿಸಿಕೊಂಡು ತಮ್ಮ ರೋಗಿಗಳ ಮೇಲೆ ಪ್ರಯೋಗಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಬೇರಿನ ಮುಖ್ಯ ಸತ್ವವಾದ ರಿಸರ್ಪಿನ್ ಅನ್ನು ಬೇರ್ಪಡಿಸಿದರು. ನರಗಳ ತುದಿಯಲ್ಲಿ ಶೇಖರವಾಗಿರುವ ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಈ ಸತ್ವ ಬರಿದು ಮಾಡುವುದರಿಂದ ರಕ್ತನಾಳಗಳ ಬಿಗಿತ ಸಡಿಲವಾಗಿ ಒತ್ತಡ ಇಳಿಯುತ್ತದೆ. ಪರಿಣಾಮ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ. ಔಷಧ ನಿಲ್ಲಿಸಿದ ನಂತರವೂ ಕೆಲಕಾಲ ಉಳಿಯುತ್ತದೆ.

ಈ ಸಂಶೋಧನೆಯ ನಿಜವಾದ ಫಲ ಕಂಡುಬಂದದ್ದು 1967ರಲ್ಲಿ. ರಕ್ತದೊತ್ತಡವನ್ನು ಇಳಿಸಿದರೆ ರೋಗಿಯ ಆಯುಷ್ಯಕ್ಕೆ ಪ್ರಯೋಜನವಾಗುವುದೇ ಎಂಬ ಬಗ್ಗೆ ಅಲ್ಲಿಯವರೆಗೂ ವೈದ್ಯರಲ್ಲಿ ಭಿನ್ನಾಭಿಪ್ರಾಯವಿತ್ತು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಡ್ವರ್ಡ್ ಫ್ರೈಸ್ ಅವರ ನೇತೃತ್ವದಲ್ಲಿ, ಕೆಳಗಿನ ಒತ್ತಡ 115ರಿಂದ 129ರಷ್ಟಿದ್ದ 143 ಪುರುಷರ ಅಧ್ಯಯನ ನಡೆಯಿತು. ಒಂದು ಗುಂಪಿಗೆ ರಿಸರ್ಪಿನ್ ಸೇರಿದಂತೆ ಮೂರು ಔಷಧಗಳನ್ನು, ಮತ್ತೊಂದಕ್ಕೆ ಹುಸಿಮಾತ್ರೆಯನ್ನು ನೀಡಲಾಯಿತು. ಹುಸಿಮಾತ್ರೆಯ ಗುಂಪಿನಲ್ಲಿ 27 ಮಂದಿಗೆ ತೀವ್ರ ತೊಂದರೆ ಉಂಟಾಗಿ, ಅವರಲ್ಲಿ ನಾಲ್ವರು ಮರಣ ಹೊಂದಿದರು. ಔಷಧ ಪಡೆದವರಲ್ಲಿ ತೀವ್ರ ತೊಂದರೆಗೆ ಒಳಗಾದವರು ಇಬ್ಬರು ಮಾತ್ರ, ಮರಣ ಸಂಭವಿಸಲಿಲ್ಲ. ರಕ್ತದೊತ್ತಡಕ್ಕೆ ಚಿಕಿತ್ಸೆ ನೀಡಲೇಬೇಕು ಎಂಬ ಇಂದಿನ ವೈದ್ಯಕೀಯ ನಿಲುವಿಗೆ ಈ ಅಂಕಿಗಳು ಆಧಾರವಾದವು.

ಡಾ. ವಕೀಲ್ ಅವರಿಗೆ 1957ರಲ್ಲಿ ಅಮೆರಿಕದ ಪ್ರತಿಷ್ಠಿತ ಲಾಸ್ಕರ್ ಪ್ರಶಸ್ತಿಯೂ, 1958ರಲ್ಲಿ ಭಾರತ ಸರ್ಕಾರದ ಪದ್ಮಭೂಷಣವೂ ಸಂದವು. ಆಸ್ಪಿ ಗೋಲ್ವಾಲಾ ಅವರೊಂದಿಗೆ ಅವರು ರಚಿಸಿದ ರೋಗನಿದಾನ ಕುರಿತ ಪಠ್ಯಪುಸ್ತಕವನ್ನು ವೈದ್ಯ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಓದಿವೆ. ಅವರು 1974ರಲ್ಲಿ ನಿಧನರಾದರು.

ಮೂಗು ಕಟ್ಟುವಿಕೆ, ಮಂಪರು ಹಾಗೂ ಕೆಲವರಲ್ಲಿ ಮಾನಸಿಕ ಖಿನ್ನತೆ ಉಂಟಾಗುತ್ತಿದ್ದುದರಿಂದ ಮತ್ತು ಹೊಸ ಔಷಧಗಳು ಬಂದುದರಿಂದ ರಿಸರ್ಪಿನ್ ಬಳಕೆ ಈಗ ವಿರಳವಾಗಿದೆ. ಸರ್ಪಗಂಧದ ಬೇರನ್ನಾಗಲಿ ಪುಡಿಯನ್ನಾಗಲಿ ವೈದ್ಯರ ಸಲಹೆಯಿಲ್ಲದೆ ಸೇವಿಸತಕ್ಕದ್ದಲ್ಲ. ಈಗಾಗಲೇ ರಕ್ತದೊತ್ತಡದ ಮಾತ್ರೆ ಸೇವಿಸುತ್ತಿರುವವರು ಈ ಬಗ್ಗೆ ವಿಶೇಷ ಎಚ್ಚರ ವಹಿಸತಕ್ಕದ್ದು.

ಔಷಧಕ್ಕೆ ಬೇಕಾದ ಭಾಗ ಬೇರೇ ಆಗಿರುವುದರಿಂದ ಗಿಡವನ್ನು ಬುಡಸಹಿತ ಕೀಳಲಾಗುತ್ತದೆ. ಬೇಡಿಕೆ ಹೆಚ್ಚಿದಂತೆ ಕಾಡಿನಲ್ಲಿ ಇದರ ಸಂಖ್ಯೆ ಕುಸಿಯಿತು. ಪರಿಣಾಮವಾಗಿ 1990ರಲ್ಲಿ ಸರ್ಪಗಂಧವನ್ನು ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಗಿಡ ಅಥವಾ ಬೇರನ್ನು ವಿದೇಶಕ್ಕೆ ಕಳುಹಿಸಲು ಈ ಒಪ್ಪಂದದನ್ವಯ ಪರವಾನಗಿ ಪಡೆಯುವುದು ಅವಶ್ಯ.